ಕತ್ತರಿಸದ ನಳಿಕೆ
ಹಳೆಯ ರಿವಾಲ್ವರ್ ಕೊಳ್ಳುವವರಿಗೆ ದುಡ್ಡಿಗಿಂತ ಮೊದಲು ಬೇಕಾಗುವುದು ಭೂತಗನ್ನಡಿ. ಅಮೆರಿಕದ ಸೇನೆ 1873ರಲ್ಲಿ ಒಪ್ಪಿಕೊಂಡ, ಕುದುರೆ ಸವಾರರ ಸೊಂಟಕ್ಕೇರಿದ ಕೋಲ್ಟ್ ರಿವಾಲ್ವರನ್ನೇ ನೋಡಿ. ಅದರ ನಳಿಕೆ ಏಳೂವರೆ ಇಂಚು. 1890ರ ದಶಕದಲ್ಲಿ ಸೇನೆಯೇ ಸಾವಿರಾರು ರಿವಾಲ್ವರುಗಳನ್ನು ವಾಪಸು ತರಿಸಿ, ನಳಿಕೆಯನ್ನು ಐದೂವರೆ ಇಂಚಿಗೆ ಕತ್ತರಿಸಿತು. ಜೋಡಿಸುವಾಗ ಇದರ ಭಾಗ ಅದಕ್ಕೆ, ಅದರದ್ದು ಇದಕ್ಕೆ. ಹೀಗಾಗಿ ಕತ್ತರಿ ತಾಗದ, ಎಲ್ಲ ಭಾಗಗಳ ನಂಬರೂ ತಾಳೆಯಾಗುವ ರಿವಾಲ್ವರಿಗೆ ಬಂಗಾರದ ಬೆಲೆ. ಬೆಲೆ ಇದ್ದಲ್ಲಿ ನಕಲಿಯೂ ಇರಬೇಕಲ್ಲ! ಮೋಟು ನಳಿಕೆ ತೆಗೆದು ಉದ್ದದ್ದು ಕೂರಿಸುತ್ತಾರೆ, ಹಳೆಯ ನಂಬರು ಉಜ್ಜಿ ಹೊಸದು ಒತ್ತುತ್ತಾರೆ. ಆರಂಭದ ವರ್ಷಗಳ ರಿವಾಲ್ವರುಗಳನ್ನು ಪರೀಕ್ಷಿಸಿದ ಆರ್ವಿಲ್ ಐನ್ಸ್‌ವರ್ತ್‌ನ ಮುದ್ರೆಗಂತೂ ವಿಪರೀತ ಬೇಡಿಕೆ. 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಸೇನಾಧಿಕಾರಿ ಕಸ್ಟರ್‌ನ ಸವಾರರ ಕೈಯಲ್ಲಿದ್ದುದು ಆ ಕಾಲದವೇ ಎಂಬ ಆಕರ್ಷಣೆ. ವಾಲ್‌ನಟ್ ಮರದ ಹಿಡಿಕೆಯ ಮೇಲಿನ ಮುದ್ರೆಯ ಅಕ್ಷರಗಳು ಸವಾರರ ಅಂಗೈಗೆ ಸವೆದಿರಬೇಕು. ಲೋಹವೆಲ್ಲ ಸವೆದು, ಮುದ್ರೆ ಮಾತ್ರ ನಿನ್ನೆ ಒತ್ತಿದಷ್ಟು ಚೂಪಾಗಿದ್ದರೆ ನಾನಾದರೆ ಪರ್ಸು ತೆಗೆಯುವುದಿಲ್ಲ. ಹೊಳಪು ಕೊಟ್ಟದ್ದೂ ಬೇಡ. ಕಂದು ಹಿಡಿದು, ಗೀರು ಬಿದ್ದದ್ದೇ ಸರಿ.