ಪೋಪರ ಮಾತಿನ ತೂಕ

ನಮ್ಮಲ್ಲಿ ಕಲಿತುಹೋದ ಕಥೋಲಿಕ ವಿದ್ಯಾರ್ಥಿನಿಯರು ಈಗ ತಾಯಂದಿರಾಗಿ ನಮ್ಮನ್ನು ಕಾಣಲು ಬಂದಾಗ, ಪತ್ರಿಕೆಯಲ್ಲಿ ಓದಿದ ಪೋಪ್ ಜಗದ್ಗುರುಗಳ ಮಾತೊಂದನ್ನೆತ್ತಿ, “ಇದನ್ನು ನಾವು ನಂಬಲೇಬೇಕೇ?” ಎಂದು ಕೇಳುವುದುಂಟು. ಅವರ ಪ್ರತಿಯೊಂದು ನುಡಿಯಲ್ಲಿಯೂ ತಪ್ಪಿರಲಾರದೆಂದು ಕೆಲವರು ಅಂಜುತ್ತಾರೆ. ವಿಧಿಪೂರ್ವಕವಾಗಿ ಘೋಷಿಸದುದೆಲ್ಲವೂ ಬರಿಯ ಅಭಿಪ್ರಾಯವೆಂದು ಬೇರೆ ಕೆಲವರು ತಳ್ಳಿಬಿಡುತ್ತಾರೆ. ಇವೆರಡೂ ಸರಿಯಲ್ಲವೆಂದು ನಮ್ಮ ಅಭಿಮತ.

1870ನೆಯ ಇಸವಿಯಲ್ಲಿ ವ್ಯಾಟಿಕನ್ ಮಹಾಸಭೆಯು ಪೋಪರು ಬೋಧನೆಯಲ್ಲಿ ತಪ್ಪಲಾರರೆಂದು ಸಾರಿದಾಗಲೇ ಅದಕ್ಕೊಂದು ಎಲ್ಲೆಯನ್ನೂ ಕಟ್ಟಿತು. ಸಮಸ್ತ ಕ್ರೈಸ್ತರ ಪಾಲಕರೂ ಬೋಧಕರೂ ಆಗಿ, ವಿಶ್ವಾಸಕ್ಕಾಗಲಿ ನೀತಿಗಾಗಲಿ ಸಂಬಂಧಿಸಿದ ಬೋಧನೆಯನ್ನು ಧರ್ಮಸಭೆಯೆಲ್ಲವೂ ಕೈಕೊಳ್ಳತಕ್ಕುದೆಂದು ಅವರು ನಿರ್ಣಯಿಸಿದರೆ ಮಾತ್ರ ಆ ಮಾತು ಸಲ್ಲುವುದು. ಅಲ್ಲಿಂದೀಚೆಗೆ ಹೀಗೆ ನಿರ್ಣಯಿಸಲ್ಪಟ್ಟುದೆಂದು ಎಲ್ಲರೂ ಒಪ್ಪುವುದು ಒಂದೇ: 1950ರ ನವೆಂಬರ್ 1ರಂದು ಹನ್ನೆರಡನೆಯ ಪಿಯುಸರು, ಕನ್ಯಾಮರಿಯಮ್ಮನವರು ದೇಹಾತ್ಮಗಳೊಡನೆ ಸ್ವರ್ಗಕ್ಕೆ ಎತ್ತಲ್ಪಟ್ಟರೆಂದು ಸಾರಿದುದು.

ಹಾಗಾದರೆ ಉಳಿದ ಬೋಧನೆಗಳ ಗತಿಯೇನು? ಅವುಗಳಿಗೂ ಬುದ್ಧಿಮನಸ್ಸುಗಳ ಭಕ್ತಿಪೂರ್ವಕವಾದ ಅಧೀನತೆಯು ಸಲ್ಲಬೇಕೆಂದು 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ವಿಧಿಸಿತು. ಬರಹದ ಬಗೆ, ಅದನ್ನೇ ಪುನಃ ಪುನಃ ಹೇಳಿರುವುದು, ಹೇಳಿದ ರೀತಿ, ಇವುಗಳಿಂದ ಪೋಪರ ಮನಸ್ಸನ್ನು ತಿಳಿಯಬೇಕೆಂದೂ ಹೇಳಿತು. 1968ರಲ್ಲಿ ಆರನೆಯ ಪೌಲರು ಕೃತಕ ಸಂತಾನನಿರೋಧವನ್ನು ನಿಷೇಧಿಸಿ ಬರೆದ ಪತ್ರವು ಎಂದಿಗೂ ತಪ್ಪದ ನಿರ್ಣಯವೆಂದು ಹೊರಡಲಿಲ್ಲ. ಆದರೂ ಅದು ಬರಿಯ ಸಲಹೆಯಲ್ಲ. ಎಷ್ಟೋ ಗೃಹಿಣಿಯರ ಬಾಳನ್ನು ಮುಟ್ಟುವ ಆ ಪತ್ರವನ್ನು ಓದದೆಯೇ ಹೆದರುವುದೂ, ಓದದೆಯೇ ತಿರಸ್ಕರಿಸುವುದೂ ಯೋಗ್ಯವಲ್ಲ. ಇನ್ನೊಂದೆಡೆ, ಹದಿನಾರನೆಯ ಬೆನೆಡಿಕ್ಟರು 2007ರಲ್ಲಿ ಯೇಸುಸ್ವಾಮಿಯ ವಿಷಯವಾಗಿ ಗ್ರಂಥವೊಂದನ್ನು ಪ್ರಕಟಿಸಿದಾಗ, ಇದು ತಮ್ಮ ಅಧಿಕಾರದ ಬೋಧನೆಯಲ್ಲ, ಯಾರು ಬೇಕಾದರೂ ತಮ್ಮನ್ನು ವಿರೋಧಿಸಬಹುದೆಂದು ಮುನ್ನುಡಿಯಲ್ಲಿ ತಾವೇ ತಿಳಿಸಿದರು.

ಶಾಲೆಯಲ್ಲಿಯೂ ಹೀಗೆಯೇ ಅಲ್ಲವೇ? ನಿಯಮಪುಸ್ತಕದಲ್ಲಿ ಬರೆದುದು, ಬೆಳಗಿನ ಪ್ರಾರ್ಥನೆಯ ತರುವಾಯ ನಾವು ಹೇಳುವ ಬುದ್ಧಿವಾದ, ಜಗಲಿಯಲ್ಲಿ ಆಡುವ ಮಾತು, ಇವು ಮೂರಕ್ಕೂ ಒಂದೇ ತೂಕವಿಲ್ಲ. ಆದರೂ ವಿವೇಕಿಯಾದ ಹುಡುಗಿಯು ಕೊನೆಯದಕ್ಕೂ ಕಿವಿಗೊಡುವಳು.

ಆದುದರಿಂದ ತಾಯಂದಿರೇ, ಮಗಳು ಪ್ರಶ್ನೆ ಕೇಳಿದರೆ “ಪೋಪರು ಹೇಳಿದ್ದಾರೆ, ಸುಮ್ಮನಿರು” ಎಂದು ಬಾಯಿಮುಚ್ಚಿಸಬೇಡಿರಿ. ಎಲ್ಲಿ, ಯಾರಿಗೆ, ಯಾವ ರೀತಿಯಲ್ಲಿ ಹೇಳಿದರೆಂದು ಅವಳೊಡನೆ ಕುಳಿತು ಓದಿರಿ. ಹೆದರಿ ಸಲ್ಲಿಸಿದ ವಿಧೇಯತೆಯು ಶಾಲೆಯ ಬಾಗಿಲು ದಾಟುವವರೆಗೆ ಮಾತ್ರ ಇರುವುದೆಂಬುದನ್ನು ನಾವು ಬಲ್ಲೆವು. ತಿಳಿದು ಸಲ್ಲಿಸಿದುದು ಬಾಳಿನುದ್ದಕ್ಕೂ ಉಳಿಯುವುದು.