ಪದದ ಬಾಲ ನೋಡಿ, ಸಹಿ ಆಮೇಲೆ ಹಾಕಿ!

ಕನ್ನಡದ ಹುಡುಗ ಹುಡುಗಿಯರೇ,

ಮನೆಯಲ್ಲಿ ಯಾರಿಗಾದರೂ ಆಪರೇಷನ್ ಅಂದರೆ ಆಸ್ಪತ್ರೆಗೆ ಓಡುವವರು ನೀವು. ನಾಲ್ಕಕ್ಷರ ಇಂಗ್ಲಿಷ್ ಬರುತ್ತದಲ್ಲ, ಅದಕ್ಕೆ. ಅಲ್ಲಿ ನಿಮ್ಮ ಮುಂದೆ ಒಂದು ಹಾಳೆ ಚಾಚುತ್ತಾರೆ. ಅದು ಒಪ್ಪಿಗೆ ಪತ್ರ. ಮೇಲಿನಿಂದ ಕೆಳಗಿನವರೆಗೆ ಇಂಗ್ಲಿಷು. ನಡುವಿನ ಖಾಲಿ ಗೆರೆಯ ಮೇಲೆ ಪೆನ್ನಿನಲ್ಲಿ ಗೀಚಿದ ಮಾರುದ್ದದ ಒಂದು ಪದ. ಓದಲು ಹೋದರೆ ನಾಲಿಗೆ ತೊಡರುತ್ತದೆ, ಕೇಳಲು ನಾಚಿಕೆಯಾಗುತ್ತದೆ. ಸಹಿ ಬೀಳುತ್ತದೆ.

ಯಾವುದಕ್ಕೆ ಸಹಿ ಹಾಕಿದಿರಿ ಸ್ವಾಮಿ?

ಇಂಥ ಹಾಳೆಗಳನ್ನು ಅಚ್ಚು ಮಾಡುವವನು ನಾನು. ಓದಿದ್ದು ಪಿಯುಸಿವರೆಗೆ ಮಾತ್ರ. ಆದರೆ ಆಸ್ಪತ್ರೆಗಳ ಫಾರಂಗಳ ಪ್ರೂಫ್ ನೋಡಿ ನೋಡಿ ಒಂದು ಗುಟ್ಟು ತಿಳಿದುಕೊಂಡಿದ್ದೇನೆ. ಇಂಗ್ಲಿಷಿನ ಈ ಉದ್ದ ಪದಗಳು ರೈಲಿನ ಬೋಗಿಗಳಿದ್ದ ಹಾಗೆ. ಕೊಂಡಿ ಬಿಚ್ಚಿದರೆ ಎಲ್ಲವೂ ಸಣ್ಣ ಸಣ್ಣವೇ. ಮೊದಲು ಬಾಲ ನೋಡಬೇಕು.

ಬಾಲದಲ್ಲಿ ಟಿ-ಒ-ಎಂ-ವೈ ಎಂಬ ನಾಲ್ಕು ಅಕ್ಷರ ಕಂಡರೆ ಎಚ್ಚರಾಗಿ. ಈ ‘ಟಮಿ’ ಗ್ರೀಕರ ಮಾತಿನಿಂದ ಬಂದದ್ದು. ಅಲ್ಲಿ ‘ಟೋಮೆ’ ಎಂದರೆ ಕೊಯ್ಯುವುದು. ಹೆಣ ಕೊಯ್ದು ಕಲಿಯುವ ವಿದ್ಯೆ ‘ಅನಾಟಮಿ’ ಆದದ್ದೂ ಅದರಿಂದಲೇ. ಅದರ ಹಿಂದೆ ಇ-ಸಿ ಸೇರಿ ‘ಎಕ್ಟಮಿ’ ಆದರೆ ಕೊಯ್ದು ಹೊರಗೆ ತೆಗೆಯುವುದು ಎಂದು ಅರ್ಥ. ಈಗ ಓದಿ:

ಅಪೆಂಡೆಕ್ಟಮಿ – ಅಪೆಂಡಿಕ್ಸ್ ತೆಗೆಯುವುದು.
ಮ್ಯಾಸ್ಟೆಕ್ಟಮಿ – ಸ್ತನ ತೆಗೆಯುವುದು.
ನೆಫ್ರೆಕ್ಟಮಿ – ಕಿಡ್ನಿ ತೆಗೆಯುವುದು.
ಕೋಲಿಸಿಸ್ಟೆಕ್ಟಮಿ – ಪಿತ್ತಕೋಶ ತೆಗೆಯುವುದು. ಇಂಗ್ಲಿಷಿನಲ್ಲಿ 15 ಅಕ್ಷರ!
ಹಿಸ್ಟರೆಕ್ಟಮಿ – ಗರ್ಭಕೋಶ ತೆಗೆಯುವುದು.
ಊಫೊರೆಕ್ಟಮಿ – ಅಂಡಾಶಯ ತೆಗೆಯುವುದು.

ಇನ್ನೊಂದು ಬಾಲವಿದೆ, ‘ಆಸ್ಟಮಿ’. ಕೊನೆಯ ನಾಲ್ಕು ಅಕ್ಷರ ಅವೇ, ಆದರೆ ಮೂಲ ಬೇರೆ. ಗ್ರೀಕಿನಲ್ಲಿ ‘ಸ್ಟೋಮಾ’ ಎಂದರೆ ಬಾಯಿ. ಟ್ರೇಕಿಯಾಸ್ಟಮಿ ಎಂದರೆ ಉಸಿರಾಟಕ್ಕಾಗಿ ಗಂಟಲಿನ ಗಾಳಿಕೊಳವೆಗೆ ತೂತು ಮಾಡುವುದು. ಕೋಲೆಕ್ಟಮಿ, ಕೊಲಾಸ್ಟಮಿ ಎಂಬ ಎರಡು ಪದ ನೋಡಿ. ನಡುವೆ ಎರಡೇ ಅಕ್ಷರದ ವ್ಯತ್ಯಾಸ, ಒಂದರಲ್ಲಿ ಇ-ಸಿ, ಇನ್ನೊಂದರಲ್ಲಿ ಒ-ಎಸ್. ಮೊದಲನೆಯದರಲ್ಲಿ ದೊಡ್ಡಕರುಳನ್ನೋ ಅದರ ಭಾಗವನ್ನೋ ಕತ್ತರಿಸಿ ತೆಗೆಯುತ್ತಾರೆ. ಎರಡನೆಯದರಲ್ಲಿ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ಮಾಡುತ್ತಾರೆ. ನನ್ನ ಪ್ರೆಸ್ಸಿನಲ್ಲಿ ಎರಡಕ್ಷರ ತಪ್ಪಿದರೆ ಹಾಳೆ ಹರಿದು ಇನ್ನೊಂದು ಅಚ್ಚು ಹಾಕುತ್ತೇನೆ. ಮೈಗೆ ಎರಡನೇ ಅಚ್ಚು ಉಂಟೇ?

‘ಐಟಿಸ್’ ಎಂಬ ಬಾಲವಿದ್ದರೆ ಅದು ಉರಿಯೂತ. ಆರ್ತ್ರೈಟಿಸ್ ಕೀಲಿನದು, ಗ್ಯಾಸ್ಟ್ರೈಟಿಸ್ ಜಠರದ್ದು, ಹೆಪಟೈಟಿಸ್ ಲಿವರಿನದು. ‘ಉರಿಯೂತ’ ಎಂಬ ನಮ್ಮ ಮಾತನ್ನು ಒಮ್ಮೆ ಬಿಡಿಸಿ ನೋಡಿ. ಉರಿಯೂ ಇದೆ, ಊತವೂ ಇದೆ. ಕೇಳಿದ ಅಜ್ಜಿಗೂ ಅರ್ಥವಾಗುತ್ತದೆ. ‘ಐಟಿಸ್’ ಎಂದರೆ ಲಂಡನ್ನಿನ ಅಜ್ಜಿಗೂ ಯಾರಾದರೂ ಬಿಡಿಸಿ ಹೇಳಬೇಕು! ಕನ್ನಡದಲ್ಲಿ ಪದಗಳಿಲ್ಲ ಎಂದು ಮೂಗು ಮುರಿಯುವವರು ಇದಕ್ಕೆ ಉತ್ತರ ಹೇಳಲಿ.

ಇದು ಬರೀ ಪದಗಳ ಆಟವಲ್ಲ ಗೆಳೆಯರೇ. 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ದೆಹಲಿಯ ಒಂದು ಪ್ರಕರಣ ಕೇಳಿ. ತಪಾಸಣೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯ ಗರ್ಭಕೋಶ, ಅಂಡಾಶಯಗಳನ್ನೇ ತೆಗೆದುಬಿಟ್ಟಿದ್ದರು. ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದಿದ್ದೆವು ಎಂದು ವಾದಿಸಿದರು. ಕೋರ್ಟ್ ಒಪ್ಪಲಿಲ್ಲ. ಜೀವಕ್ಕೆ ಅಪಾಯವಿಲ್ಲದಿದ್ದಾಗ ರೋಗಿಗೆ ಎಚ್ಚರವಾಗುವವರೆಗೆ ಕಾಯಬೇಕಿತ್ತು, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು, ಏನು ಮಾಡುತ್ತೇವೆ ಎಂದು ರೋಗಿಗೆ ಸಾಕಷ್ಟು ತಿಳಿಸಿದ ಮೇಲೆ ಸಿಕ್ಕಿದ್ದೇ ನಿಜವಾದ ಒಪ್ಪಿಗೆ ಎಂದಿತು.

ನಮ್ಮ ನಾಡಿನಲ್ಲೂ ಆಗಿದೆ. ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಣ್ಣುಮಕ್ಕಳಿಗೆ, ಅದರಲ್ಲೂ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳಿಗೆ, ಬೇಕಿಲ್ಲದಿದ್ದರೂ ಗರ್ಭಕೋಶ ತೆಗೆದ ಸಂಗತಿ 2015ರಲ್ಲಿ ರಾಜ್ಯವನ್ನೇ ಕಲಕಿತು. ಅದಕ್ಕೆಲ್ಲ ಭಾಷೆಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ದುಡ್ಡಿನ ಆಸೆ ಇತ್ತು, ಬಡತನ ಇತ್ತು. ಆದರೆ ಅರ್ಥವಾಗದ ಪದ ದುರಾಸೆಯವನಿಗೆ ಒಳ್ಳೆಯ ಮರೆ ಎಂಬುದನ್ನು ಮರೆಯಬೇಡಿ.

ಆಪರೇಷನ್ ಬೇಡ ಎಂದು ಯಾರೂ ತಪ್ಪು ತಿಳಿಯಬಾರದು. ಇದೇ ಕತ್ತರಿ ಎಷ್ಟೋ ಜೀವ ಉಳಿಸಿದೆ. ತಿಳಿದು ಒಪ್ಪೋಣ ಎನ್ನುತ್ತಿದ್ದೇನೆ, ಅಷ್ಟೇ.

ಕನ್ನಡದಲ್ಲಿ ಫಾರಂ ಹಾಕಿಸಿ ಎಂದರೆ ಕೆಲವು ಆಸ್ಪತ್ರೆಯವರು ಖರ್ಚಿನ ಮಾತು ತೆಗೆಯುತ್ತಾರೆ. ಪ್ರೆಸ್ ಮಾಲೀಕನಾಗಿ ಹೇಳುತ್ತೇನೆ, ಇದು ಸಬೂಬು. ಅದೇ ಕಾಗದ, ಅದೇ ಮಸಿ, ಅದೇ ಮೆಷಿನ್ನು. ಹಾಳೆಯ ಬೆನ್ನು ಹೇಗೂ ಖಾಲಿ ಬಿದ್ದಿರುತ್ತದೆ. ಅಲ್ಲಿ ಕನ್ನಡ ಹಾಕಿದರೆ ಹೆಚ್ಚುವರಿ ಕಾಗದವೂ ಬೇಡ. ಕೊರತೆ ಇರುವುದು ಮನಸ್ಸಿನದು.

ಆದ್ದರಿಂದ ನೀವು ಮಾಡಬೇಕಾದ್ದು ಮೂರು ಕೆಲಸ. ಒಂದು, ಮೇಲಿನ ಬಾಲಗಳನ್ನು ಬಾಯಿಪಾಠ ಮಾಡಿ, ಅಕ್ಕಪಕ್ಕದವರಿಗೂ ಹೇಳಿಕೊಡಿ. ಎರಡು, ‘ಏನು ತೆಗೆಯುತ್ತೀರಿ? ಯಾಕೆ? ತೆಗೆಯದಿದ್ದರೆ ಏನಾಗುತ್ತದೆ?’ ಎಂದು ಡಾಕ್ಟರನ್ನು ಕನ್ನಡದಲ್ಲಿ ಕೇಳಿ. ಉತ್ತರವನ್ನು ಮೊದಲು ರೋಗಿಗೆ ತಿಳಿಸಿ, ಮೈ ಅವರದು. ಮೂರು, ಊರೂರಿನ ಕನ್ನಡ ಸಂಘಗಳು ಬೋರ್ಡುಗಳಿಗೆ ಹೋರಾಡಿದ ಹಾಗೆ ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೂ ಹೋರಾಡಲಿ. ಬೋರ್ಡು ಓದಲಾಗದಿದ್ದರೆ ದಾರಿ ತಪ್ಪಬಹುದು, ಒಪ್ಪಿಗೆ ಪತ್ರ ಓದಲಾಗದಿದ್ದರೆ ಅಂಗವೇ ಹೋಗಬಹುದು.

ಮೈ ನಮ್ಮದು, ಸಹಿ ನಮ್ಮದು. ಆ ಹಾಳೆಯ ಮಾತೂ ನಮ್ಮದಾಗಲಿ!