ನ್ಯಾನೊಟ್ಯೂಬ್: ಇನ್ನೊಂದು ಕಲ್ನಾರೇ?

ಇಂಗಾಲದ ಪರಮಾಣುಗಳ ಜಾಲರಿಯನ್ನು ಚಾಪೆಯಂತೆ ಸುತ್ತಿದರೆ ಸಿಗುವ ಕೊಳವೆಯೇ ಕಾರ್ಬನ್ ನ್ಯಾನೊಟ್ಯೂಬ್. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅದರ ರಚನೆಯನ್ನು ವಿವರಿಸಿದ ಮೇಲೆ ಜಗತ್ತಿನ ಪ್ರಯೋಗಾಲಯಗಳು ಅದರ ಬೆನ್ನು ಹತ್ತಿದವು. ಈಗ ಲಿಥಿಯಂ ಬ್ಯಾಟರಿಯೊಳಗೂ ಅದು ಸೇರಿದೆ. 2019ರಲ್ಲಿ ಸ್ವೀಡನ್ನಿನ ಕೆಮ್‌ಸೆಕ್ ಸಂಸ್ಥೆ, ಬಳಕೆಯಿಂದ ಕೈಬಿಡಬೇಕಾದ ರಾಸಾಯನಿಕಗಳ ತನ್ನ ‘ಸಿನ್’ ಪಟ್ಟಿಗೆ ನ್ಯಾನೊಟ್ಯೂಬ್‌ಗಳನ್ನು ಒಂದೇ ಗುಂಪಾಗಿ ಸೇರಿಸಿತು. ಮರುವರ್ಷವೇ ವಿಜ್ಞಾನಿಗಳ ತಂಡವೊಂದು ಅದನ್ನು ಬಹಿರಂಗವಾಗಿ ವಿರೋಧಿಸಿತು.

ಪ್ರಶ್ನೆ: ಕ್ಯಾನ್ಸರ್ ಭೀತಿಯಿಂದ ನ್ಯಾನೊಟ್ಯೂಬ್‌ಗಳ ಇಡೀ ಕುಲಕ್ಕೇ ತಡೆ ಹಾಕಬೇಕೇ?

ಪರ: ರೋಗಿಗಳನ್ನು ಎಣಿಸುವ ತನಕ ಕಾಯುವುದು ಬೇಡ

1898ರಲ್ಲಿ ಬ್ರಿಟನ್ನಿನ ಕಾರ್ಖಾನೆ ತನಿಖಾಧಿಕಾರಿ ಲೂಸಿ ಡೀನ್, ಕಲ್ನಾರಿನ ದೂಳಿನ ಕಣಗಳು ಸೂಕ್ಷ್ಮದರ್ಶಕದಡಿ ಗಾಜಿನ ಚೂರಿನಂತೆ ಮೊನಚಾಗಿವೆ, ಉಸಿರಿಗೆ ಅಪಾಯ ಎಂದು ವರದಿ ಕೊಟ್ಟರು. ಬ್ರಿಟನ್ ಕಲ್ನಾರನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ನಡುವೆ ಹೋದದ್ದು ನೂರೊಂದು ವರ್ಷ, ಜೊತೆಗೆ ಲೆಕ್ಕವಿಲ್ಲದಷ್ಟು ಜೀವ. ಶ್ವಾಸಕೋಶದ ಹೊದಿಕೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರು ದೂಳು ಕುಡಿದ ಮೂವತ್ತು ನಲವತ್ತು ವರ್ಷಗಳ ಮೇಲೆ ತಲೆ ಎತ್ತುತ್ತದೆ. ಅಷ್ಟರಲ್ಲಿ ಕಾರ್ಮಿಕ ನಿವೃತ್ತನಾಗಿರುತ್ತಾನೆ, ಕಾರ್ಖಾನೆ ಕೈ ಬದಲಾಗಿರುತ್ತದೆ.

ಒಳಗೆ ನಡೆಯುವುದೇನು? ಶ್ವಾಸಕೋಶದೊಳಗೆ ಬಿದ್ದ ಕಸವನ್ನು ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳು ನುಂಗಿ ಸಾಗಹಾಕುತ್ತವೆ. ಎಳೆ ತನಗಿಂತ ಉದ್ದವಾಗಿದ್ದರೆ ಆ ಕೋಶದ ಪಾಡು ಕೋಲು ನುಂಗಲು ಹೋದ ಕಪ್ಪೆಯದು. ಅರ್ಧ ಒಳಗೆ, ಅರ್ಧ ಹೊರಗೆ. ಜೀರ್ಣಿಸಲೆಂದು ಕೂಡಿಟ್ಟ ರಸಗಳು ಸುತ್ತಲಿನ ಅಂಗಾಂಶಕ್ಕೆ ಸೋರುತ್ತವೆ. ಎಳೆ ಕರಗದು, ಉರಿಯೂತ ಆರದು. ಕಲ್ನಾರು ಕೊಲ್ಲುವ ದಾರಿಯೂ ಇದೇ.

2008ರಲ್ಲಿ ಎಡಿನ್‌ಬರೋದ ಕೆನ್ ಡೊನಾಲ್ಡ್‌ಸನ್ ತಂಡ ಉದ್ದದ ನ್ಯಾನೊಟ್ಯೂಬ್‌ಗಳನ್ನು ಇಲಿಗಳ ಹೊಟ್ಟೆಯ ಪೊರೆಗೆ ಸೇರಿಸಿದಾಗ ಒಂದೇ ವಾರದಲ್ಲಿ ಕಲ್ನಾರಿನಂಥದ್ದೇ ಉರಿಯೂತ, ಗಂಟು ಕಾಣಿಸಿದವು. ಜಪಾನಿನಲ್ಲಿ ಎರಡು ವರ್ಷ ಎಂಡಬ್ಲ್ಯುಎನ್‌ಟಿ-7 ಎಂಬ ಬಗೆಯನ್ನು ಉಸಿರಾಡಿದ ಇಲಿಗಳಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಆ ವರದಿ 2016ರದ್ದು. ಕೆಲಸಗಾರರ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಯೋಷ್ ಸಂಸ್ಥೆ 2013ರಲ್ಲಿ ಈ ಕೊಳವೆಗಳಿಗೆ ಸೂಚಿಸಿದ ಮಿತಿ, ಒಂದು ಘನ ಮೀಟರ್ ಗಾಳಿಗೆ 1 ಮೈಕ್ರೊಗ್ರಾಂ. ಅದು ಸುರಕ್ಷತೆಯ ಗೆರೆಯಲ್ಲ. ಉಪಕರಣ ನೆಚ್ಚಿಕೆಯಿಂದ ಅಳೆಯಬಲ್ಲ ಕನಿಷ್ಠ ಪ್ರಮಾಣ.

‘ಮನುಷ್ಯರಲ್ಲಿ ಪುರಾವೆ ಎಲ್ಲಿ?’ ಎನ್ನುವವರು ಇಸವಿ ಲೆಕ್ಕ ಹಾಕಲಿ. ಈ ವಸ್ತು ಕಾರ್ಖಾನೆಗೆ ಬಂದು ನಲವತ್ತು ವರ್ಷವೇ ಆಗಿಲ್ಲ. ಕಲ್ನಾರು ಬೆರೆತ ಸಿಮೆಂಟ್ ಶೀಟು ನಮ್ಮಲ್ಲಿ ಇಂದಿಗೂ ಮಾರಾಟವಾಗುತ್ತಿದೆ. ಒಮ್ಮೆ ಸೂರಿಗೆ ಏರಿದ್ದನ್ನು ಇಳಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ವಿರೋಧ: ಹೆಸರು ನೋಡಬೇಡಿ, ಅಳತೆ ನೋಡಿ

ಎಡಿನ್‌ಬರೋ ಪ್ರಯೋಗದ ಉಳಿದರ್ಧವನ್ನೂ ಹೇಳಬೇಕಲ್ಲ. ಗಿಡ್ಡ ಕೊಳವೆಗಳೂ ನೂಲುಂಡೆಯಂತೆ ಸಿಕ್ಕುಗಟ್ಟಿದವೂ ಅಂಥದ್ದೇ ಇಲಿಗಳಲ್ಲಿ ಆ ಹಾವಳಿ ಎಬ್ಬಿಸಲಿಲ್ಲ. ಕಪ್ಪೆಗೆ ತೊಡಕಾದದ್ದು ಕೋಲಿನ ಉದ್ದ, ಕೋಲಿನ ಜಾತಿಯಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ‘ಕ್ಯಾನ್ಸರ್ ತರಬಹುದಾದ’ 2ಬಿ ಗುಂಪಿಗೆ ಸೇರಿಸಿದ್ದು ಆ ಎಂಡಬ್ಲ್ಯುಎನ್‌ಟಿ-7 ಒಂದನ್ನೇ. ಮಿಕ್ಕ ನ್ಯಾನೊಟ್ಯೂಬ್‌ಗಳನ್ನು, ಪುರಾವೆ ಸಾಲದು ಎಂದು 3ನೇ ಗುಂಪಿನಲ್ಲಿಟ್ಟಿತು. ಲೋಳೆಸರದ ಇಡೀ ಎಲೆಯ ಸಾರವೂ 2ಬಿ ಗುಂಪಿನಲ್ಲೇ ಇದೆ. ಹಾಗೆಂದು ಹಿತ್ತಿಲ ಗಿಡವನ್ನು ಯಾರೂ ಕಿತ್ತೆಸೆಯುವುದಿಲ್ಲ. ಒಂಟಿ ಗೋಡೆಯ ಕೊಳವೆಗಳನ್ನು ನಮ್ಮದೇ ಬಿಳಿ ರಕ್ತಕಣಗಳ ಕಿಣ್ವವೊಂದು ಒಡೆದು ಹಾಕಬಲ್ಲದು ಎಂದು 2010ರಲ್ಲೇ ತೋರಿಸಲಾಗಿದೆ. ಹಾಗಾಗಿ ‘ಎಳೆ ಕರಗದು’ ಎಂಬ ಮಾತು ಎಲ್ಲಕ್ಕೂ ಒಪ್ಪುವುದಿಲ್ಲ.

ಅಪಾಯ ಎಲ್ಲಿದೆ ಎಂಬುದೂ ಮುಖ್ಯ. ಒಣ ಪುಡಿಯನ್ನು ತೂಗುವ ಮೇಜಿನ ಬಳಿ ನಿಂತು ನೋಡಿ. ಕಾಡಿಗೆಗಿಂತ ಹಗುರ, ಚಮಚ ತಾಗಿದರೆ ಮೇಲೇಳುತ್ತದೆ, ಕೈಗವಸಿಗೆ ಅಂಟುತ್ತದೆ. ಚೀಲ ಬಿಚ್ಚುವಾಗ, ಯಂತ್ರ ತೊಳೆಯುವಾಗ, ಬೆರೆತ ವಸ್ತುವನ್ನು ಉಜ್ಜುವಾಗ ಎಚ್ಚರ ಬೇಕು. ಮುಚ್ಚಿದ ಕಪಾಟು, ಸರಿಯಾಗಿ ಕೂರುವ ಮಾಸ್ಕು, ಪೊರಕೆಯ ಬದಲು ಒದ್ದೆ ಬಟ್ಟೆ: ಇವಕ್ಕೆ ಕಾನೂನಿನ ಬಲ ಕೊಡಿ, ನಮ್ಮ ತಕರಾರಿಲ್ಲ. ಆದರೆ ಬ್ಯಾಟರಿಯ ಲೇಪದಲ್ಲಿ ಕಲಸಿ ಮುಚ್ಚಿಟ್ಟದ್ದನ್ನೂ ಗಾಳಿಯಲ್ಲಿ ತೇಲುವ ಪುಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

2003ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ತಂಡ, ಒಂಟಿ ಗೋಡೆಯ ನ್ಯಾನೊಟ್ಯೂಬ್‌ಗಳ ಮೇಲೆ ದ್ರವ ಹರಿದರೆ ವಿದ್ಯುತ್ ಒತ್ತಡ ಹುಟ್ಟುತ್ತದೆ ಎಂದು ತೋರಿಸಿತು. ಕುಲಕ್ಕೇ ತಡೆ ಬಿದ್ದರೆ ಇಂಥ ಕೆಲಸವೂ ನಿಲ್ಲುತ್ತದೆ. ನಿರುಪದ್ರವಿ ಕೊಳವೆ ಮಾಡಿದರೂ ಅದೇ ಹಣೆಪಟ್ಟಿ ಎಂದಾದರೆ ಅದನ್ನು ಮಾಡುವವರು ಯಾರು?

2022ರಲ್ಲಿ ಯುರೋಪಿನ ರಾಸಾಯನಿಕ ಏಜೆನ್ಸಿಯ ಅಪಾಯ ಸಮಿತಿ ಹಿಡಿದ ದಾರಿ ಬೇರೆ. ಬಹುಗೋಡೆಯ ಕೊಳವೆಗಳಲ್ಲಿ 30 ನ್ಯಾನೊಮೀಟರ್‌ಗೆ ಕಡಿಮೆಯಿಲ್ಲದ ದಪ್ಪ, 5 ಮೈಕ್ರೊಮೀಟರ್‌ಗೆ ಕಡಿಮೆಯಿಲ್ಲದ ಉದ್ದ ಇರುವವನ್ನು ಕ್ಯಾನ್ಸರ್‌ಕಾರಕ ಎಂದು ಗುರುತಿಸಬೇಕೆಂದಿತು. ನಾವು ಕೇಳುವುದೂ ಇಂಥದ್ದೇ ದಾರಿ: ಪರೀಕ್ಷೆಯಾಗದ ಕೊಳವೆಯನ್ನು ಅಪಾಯಕಾರಿ ಎಂದೇ ಎಣಿಸಿ, ಅಳೆದು ತೋರಿಸುವ ಹೊಣೆ ತಯಾರಕನ ಮೇಲಿರಲಿ. ಲೂಸಿ ಡೀನ್ ಕಂಡದ್ದೂ ಹೆಸರನ್ನಲ್ಲ, ಕಣದ ಮೊನೆಯನ್ನು. ಅಂದು ಸೋತದ್ದು ಸೂಕ್ಷ್ಮದರ್ಶಕವಲ್ಲ. ಅದು ತೋರಿಸಿದ್ದನ್ನು ಕಂಡೂ ಕಿಟಕಿ ತೆರೆಯದ ಕಾರ್ಖಾನೆ.